ಸೇಬಿಗೆ ಚೌಕಾಸಿ, ಡಾಲರಿಗೆ ಮೌನ

ಕಜಕಿಸ್ತಾನಕ್ಕೆ ಹೊರಡುವ ಮುನ್ನ ನಮ್ಮ ಮನೆಯವರು ಫಾರೆಕ್ಸ್ ಕಾರ್ಡಿಗೆ ಒಂದು ಲಕ್ಷ ರೂಪಾಯಿ ತುಂಬಿಸಿದರು. ನಾನು ಅಷ್ಟೇ ದುಡ್ಡಿಗೆ ಡಾಲರ್ ನೋಟು ಕೊಂಡೆ. ಬ್ಯಾಂಕಿನ ಹುಡುಗ ಕನಿಕರದಿಂದ ನೋಡಿ, “ಈ ಕಾಲದಲ್ಲೂ ಕ್ಯಾಶಾ ಮೇಡಂ? ಕಾರ್ಡ್ ಆದರೆ ಸೇಫು, ರೇಟೂ ಲಾಕ್ ಆಗಿರುತ್ತೆ” ಎಂದ. ಲಾಕ್ ಆಗಿದ್ದು ಡಾಲರಿನ ರೇಟು. ಅಲ್ಲಿ ನಡೆಯುವುದು ಟೆಂಗೆ. ಆ ಕಾರ್ಡಿಗೆ ಟೆಂಗೆ ತುಂಬಿಸಲು ಬರುವುದಿಲ್ಲ ಎಂಬುದನ್ನು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬೆನ್ನಿಗೊಂದು ಚೀಲ ಹಾಕಿಕೊಂಡು ಸುತ್ತುವ ದಂಪತಿಗೆ ಆ ದೇಶ ದುಬಾರಿಯಲ್ಲ. ಭಾರತೀಯರಿಗೆ 14 ದಿನ ವೀಸಾ ಬೇಡ. ಕರ್ನಾಟಕದ 14 ಪಟ್ಟು ವಿಸ್ತಾರ, ಜನ ಮಾತ್ರ ಸುಮಾರು 2 ಕೋಟಿ. ಅಲ್ಮಾಟಿಯಿಂದ ಕ್ಯಾಸ್ಪಿಯನ್ ದಂಡೆಯ ಅಕ್ತೌಗೆ ರೈಲಿನಲ್ಲಿ ಎರಡು ದಿನಕ್ಕೂ ಮಿಕ್ಕಿ ಬೇಕು. ಹಾಗಾಗಿ ನಾವು ತುರ್ಕಿಸ್ತಾನ, ಅಸ್ತಾನಾ ನಗರಗಳಿಗೇ ತೃಪ್ತರಾದೆವು. ಬಾಗಿಲಿಲ್ಲದ ‘ಪ್ಲಾಟ್ಸ್‌ಕಾರ್ಟ್’ ಬೋಗಿಯಲ್ಲಿ ರಾತ್ರಿ ಕಳೆದರೆ ರೂಮಿನ ಬಾಡಿಗೆ ಉಳಿಯುತ್ತದೆ. ಬೋಗಿಯಲ್ಲೇ ಕುದಿನೀರು ಪುಕ್ಕಟೆ, ಮನೆಯಿಂದ ಒಯ್ದ ಉಪ್ಪಿಟ್ಟಿನ ಪೊಟ್ಟಣಕ್ಕೆ ಅಷ್ಟು ಸಾಕು. ಅಂಗಡಿಗಳಲ್ಲಿ ಹಣ ಕೊಡಲು ಎಲ್ಲರೂ ಕಾಸ್ಪಿ ಆ್ಯಪ್ ತೆರೆಯುತ್ತಾರೆ. ಅಲ್ಲಿನ ಖಾತೆ ಇಲ್ಲದ ನಮಗೆ ಸಂಸಾ ತಿಂಡಿಯ ಗಾಡಿಯಲ್ಲೂ ಶೇರ್ ಟ್ಯಾಕ್ಸಿಯಲ್ಲೂ ನಗದೇ ಗತಿ.

ಈಗ ಲೆಕ್ಕಕ್ಕೆ ಬನ್ನಿ. ಮಾರುಕಟ್ಟೆಯಲ್ಲಿ ಡಾಲರಿಗೆ 84 ರೂ. ಎಂದಿಟ್ಟುಕೊಳ್ಳಿ. ಬ್ಯಾಂಕು ಮಾರುವುದು 85.70ಕ್ಕೆ. ಲಕ್ಷಕ್ಕೆ 1,167 ಡಾಲರ್ ಬಂತು. ಮಾರುಕಟ್ಟೆ ದರದಲ್ಲಿ ಅದರ ಬೆಲೆ 98,000 ರೂ., ಅಂದರೆ ವಿಮಾನ ಹತ್ತುವ ಮೊದಲೇ 2,000 ಹೋಯಿತು. ಕಾರ್ಡ್ ಉಜ್ಜಿದಾಗ ಡಾಲರ್ ಟೆಂಗೆಯಾಗಬೇಕು. ಅದಕ್ಕೆ ಶೇ 3.5 ಕ್ರಾಸ್ ಕರೆನ್ಸಿ ಮಾರ್ಕಪ್. ಖರ್ಚಿಗೆ ಸಿಕ್ಕಿದ್ದು 1,127 ಡಾಲರ್, ಸುಮಾರು 94,700 ರೂ. ಜಿಎಸ್‌ಟಿ 180 ಸೇರಿಸಿದರೆ ನಷ್ಟ ಸುಮಾರು 5,500. ಎಟಿಎಂ ಶುಲ್ಕ ಬೇರೆ.

ನನ್ನ ನೋಟಿಗೂ ಮೊದಲ 2,000 ಮತ್ತು ಜಿಎಸ್‌ಟಿ ತಪ್ಪಲಿಲ್ಲ. ಆದರೆ ಅಲ್ಮಾಟಿಯ ವಿನಿಮಯ ಅಂಗಡಿಗಳು ಒತ್ತೊತ್ತಿಗೇ ಇವೆ, ದರವನ್ನು ಬೀದಿಗೆ ಕಾಣುವಂತೆ ಬರೆದಿರುತ್ತವೆ. ಮಡಿಕೆಯಿಲ್ಲದ ನೋಟು ಕೊಟ್ಟರೆ ಅರ್ಧ ಪರ್ಸೆಂಟಿಗಿಂತ ಹೆಚ್ಚು ಹೋಗಲಿಲ್ಲ. ಒಟ್ಟು ನಷ್ಟ 2,700ರ ಆಸುಪಾಸು. ಮಾಮೂಲಿ ಕ್ರೆಡಿಟ್ ಕಾರ್ಡಿಗೂ ಜಿಎಸ್‌ಟಿ ಸೇರಿ ಶೇ 4.13, ಅಂದರೆ 4,130. ಮಾರ್ಕಪ್ ಇಲ್ಲದ ಕಾರ್ಡ್ ಇದ್ದರೆ ಇದಕ್ಕಿಂತಲೂ ಬಹಳ ಕಡಿಮೆ.

ಹಾಗಾದರೆ ‘ಪ್ರಯಾಣಿಕರಿಗಾಗಿಯೇ’ ಮಾಡಿದ ಕಾರ್ಡು ಯಾರಿಗಾಗಿ? ಡಾಲರ್, ಯೂರೋ ನಡೆಯುವ ಕಡೆ ಅದಕ್ಕೊಂದು ಅರ್ಥವಿದೆ. ಟೆಂಗೆ, ಲಾರಿ, ಸೋಮ್‌ನಂಥ ಕರೆನ್ಸಿಗಳ ನಾಡಿಗೆ ಅದನ್ನು ಮಾರುವುದು ಎರಡು ಕಡೆ ಸುಂಕ ವಸೂಲಿ ಮಾಡಿದ ಹಾಗೆ. ಉಳಿಕೆಯನ್ನು ವಾಪಸ್ ಮಾಡಲು ಹೋದರೆ ಕೊಳ್ಳುವ ರೇಟು ಎಂಬ ಮೂರನೇ ಸುಂಕ. ನನ್ನ ಉಳಿದ ನೋಟುಗಳು ಬೀರುವಿನಲ್ಲಿವೆ. 2,000 ಡಾಲರ್‌ವರೆಗೆ ಇಟ್ಟುಕೊಳ್ಳಲು ರಿಸರ್ವ್ ಬ್ಯಾಂಕೇ ಬಿಡುತ್ತದೆ.

ನಗದು ಕಳೆದರೆ ಹೋಯಿತು, ಒಪ್ಪುತ್ತೇನೆ. ಅದಕ್ಕೇ ಇಬ್ಬರ ಚೀಲದಲ್ಲೂ ಹಂಚಿಡಿ, ಮಾರ್ಕಪ್ ಇಲ್ಲದ ಕಾರ್ಡೊಂದು ಜೊತೆಗಿರಲಿ. ಯಂತ್ರ “ರೂಪಾಯಿಯೋ ಟೆಂಗೆಯೋ” ಎಂದು ಕೇಳಿದರೆ ಟೆಂಗೆಯನ್ನೇ ಒತ್ತಿ. ಕ್ರೆಡಿಟ್ ಕಾರ್ಡನ್ನು ಎಟಿಎಂಗೆ ತೋರಿಸಲೇಬೇಡಿ, ಬಡ್ಡಿ ಅಂದಿನಿಂದಲೇ ಶುರು.

ದೊಡ್ಡ ದೋಷ ಇರುವುದು ನಮ್ಮ ಅಭ್ಯಾಸದಲ್ಲಿ. ಕಾಡುಸೇಬಿನ ತವರಾದ ಅಲ್ಮಾಟಿ ಸೀಮೆಯ ಗ್ರೀನ್ ಬಜಾರಿನಲ್ಲಿ 100 ಟೆಂಗೆ ಇಳಿಸಲು ನಮ್ಮ ಮನೆಯವರು ಕೈಸನ್ನೆಯಲ್ಲೇ ಹೋರಾಡಿದರು. ಅದು 20 ರೂಪಾಯಿಯೂ ಅಲ್ಲ. ಸೇಬು ಮಾರುವ ಅಜ್ಜಿಯ ಹತ್ತಿರ ಬಾಯಿ ಮಾಡುವ ನಾವು ಹವಾನಿಯಂತ್ರಿತ ಕೌಂಟರಿನ ಮುಂದೆ ಫಾರಂ ತುಂಬಿ, ಥ್ಯಾಂಕ್ಸ್ ಹೇಳಿ ಬರುತ್ತೇವೆ. ಹಣಕ್ಕೂ ಬೆಲೆಯಿದೆ, ಅದನ್ನೂ ಇಳಿಸಬಹುದು. ಆ ದಿನದ ಮಾರುಕಟ್ಟೆ ದರ ಫೋನಿನಲ್ಲಿ ನೋಡಿಕೊಂಡು ಹೋಗಿ, “ಇದಕ್ಕಿಂತ ಎಷ್ಟು ಪೈಸೆ ಜಾಸ್ತಿ?” ಎಂದು ಮೂರು ಕಡೆ ಕೇಳಿ. ಉತ್ತರ ತಡವರಿಸಿದ ಕಡೆ ಸಹಿ ಹಾಕಬೇಡಿ.