ಪಾತ್ರಾಪಾತ್ರ ವಿಚಾರ: ನೆರವಿಗೆ ಅರ್ಹರು ಯಾರು?

ಸೂರಿಲ್ಲದವರನ್ನು ಕುರಿತು ಕನ್ನಡದಲ್ಲಿ ಬಳಕೆಯಲ್ಲಿರುವ ಪದಗಳನ್ನು ಕರಿಹಲಗೆಯ ಮೇಲೆ ಬರೆದು ಈ ಪಾಠವನ್ನು ಆರಂಭಿಸಬಹುದು: ನಿರಾಶ್ರಿತ, ನಿರ್ಗತಿಕ, ಅಲೆಮಾರಿ, ಪರದೇಶಿ, ಭಿಕ್ಷುಕ. ಈ ಪದಗಳು ಸೂಚಿಸುವ ಸ್ಥಿತಿ ಹೆಚ್ಚುಕಡಮೆ ಒಂದೇ ಆದರೂ ಕೇಳುವವರ ಮನಸ್ಸಿನಲ್ಲಿ ಹುಟ್ಟುವ ಭಾವ ಒಂದೇ ಅಲ್ಲ. ನಿರಾಶ್ರಿತನೆಂದರೆ ಕನಿಕರ ಮೂಡುತ್ತದೆ, ಭಿಕ್ಷುಕನೆಂದರೆ ಸಂಶಯ. ಪರದೇಶಿ ಎಂಬುದು ಬೇರೆ ನಾಡಿನವನು ಎಂಬ ಮೂಲಾರ್ಥದಿಂದ ದಿಕ್ಕಿಲ್ಲದವನು ಎಂಬ ಅರ್ಥಕ್ಕೆ ಬಂದು ನಿಂತಿದೆ. ತಮಿಳಿನಲ್ಲಿಯೂ ಈ ಪದ ಇದೇ ದಾರಿಯಲ್ಲಿ ಸಾಗಿರುವುದರಿಂದ ಎರಡು ನುಡಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಅದು ತಟ್ಟನೆ ಹೊಳೆಯುತ್ತದೆ. ನಮ್ಮ ಊರಿನವನಲ್ಲದವನಿಗೆ ನಾವು ಹೊಣೆಯಲ್ಲ ಎಂಬ ತೀರ್ಮಾನ ಆ ಪದದೊಳಗೇ ಅಡಗಿದೆ.

'ಅಪಾತ್ರದಾನ' ಎಂಬ ಮಾತನ್ನೂ ಇಲ್ಲಿಯೇ ಚರ್ಚಿಸುವುದು ಉಚಿತ. ಯೋಗ್ಯನಾದ ಪಾತ್ರನಿಗೆ ಕೊಟ್ಟ ದಾನವೇ ಸಾತ್ತ್ವಿಕವೆಂದು ಭಗವದ್ಗೀತೆಯ 17ನೆಯ ಅಧ್ಯಾಯ ಹೇಳುತ್ತದೆ. ದಾಸೋಹದ ಪರಂಪರೆಯ ನಡೆ ಬೇರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಊಟಕ್ಕೆ ಕುಳಿತವನನ್ನು, ದುಡಿಯಲು ನಿನಗೆ ಶಕ್ತಿಯಿಲ್ಲವೇ ಎಂದು ಯಾರೂ ವಿಚಾರಿಸುವುದಿಲ್ಲ. ಹಸಿವೇ ಅಲ್ಲಿ ಅರ್ಹತೆ. ಈ ಎರಡು ನಂಬಿಕೆಗಳೂ ಒಬ್ಬನೇ ಮನುಷ್ಯನಲ್ಲಿ ನೆಮ್ಮದಿಯಾಗಿ ವಾಸಿಸುತ್ತವೆ. ದಾಸೋಹಕ್ಕೆ ಅಕ್ಕಿಮೂಟೆ ಹೊರಿಸಿ ಕಳುಹಿಸಿದವನೇ ಬಸ್ ನಿಲ್ದಾಣದಲ್ಲಿ ಕೈಚಾಚಿದವನಿಗೆ, ಮೈಬಗ್ಗಿಸಿ ದುಡಿ, ಎಂದು ಗದರುತ್ತಾನೆ.

ಅರ್ಹತೆಯನ್ನು ಅಳೆಯುವ ಯತ್ನ ರಾಜ್ಯಾಡಳಿತದ ಮಟ್ಟದಲ್ಲಿ ಏನಾಗಬಲ್ಲದೆಂಬುದಕ್ಕೆ ನಮ್ಮ ಸೀಮೆಯ ಚರಿತ್ರೆಯಲ್ಲಿಯೇ ಉದಾಹರಣೆಯಿದೆ. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಇಂದಿನ ಧರ್ಮಪುರಿಯನ್ನೂ ಒಳಗೊಂಡಿದ್ದ ಅಂದಿನ ಸೇಲಂ ಜಿಲ್ಲೆ ತೀವ್ರವಾಗಿ ನರಳಿತು. ಹಸಿದವರು ಊರು ಬಿಟ್ಟು ರಸ್ತೆಗಿಳಿದರು. ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊತ್ತು ಕಲ್ಲು ಒಡೆದವರಿಗೆ ಕೂಲಿ ದೊರೆಯುತ್ತಿತ್ತು. ವೆಚ್ಚವನ್ನು ತಗ್ಗಿಸಲು ಬಂದ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗಂಡಾಳಿನ ದಿನದ ಕೂಲಿಯನ್ನು ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದರು. ನೆರವು ಧಾರಾಳವಾದರೆ ನಿಜವಾದ ಅಗತ್ಯವಿಲ್ಲದವರೂ ಬಂದು ಸೇರುವರೆಂಬುದು ಆಳುವವರ ಭಯ. ಮದರಾಸು ಪ್ರಾಂತ್ಯದ ನೈರ್ಮಲ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಮೈಮುರಿದು ದುಡಿಯುವವನಿಗೆ ಕನಿಷ್ಠ ಒಂದೂವರೆ ಪೌಂಡು ಧಾನ್ಯವೂ ಬೇಳೆ ತರಕಾರಿಗಳೂ ಬೇಕೆಂಬುದು ಅವರ ವಾದ. ಮದರಾಸು ಸರ್ಕಾರ ಅವರ ಮಾತನ್ನು ಅರ್ಧದಷ್ಟು ಒಪ್ಪಿ ಪಡಿಯನ್ನು ಹೆಚ್ಚಿಸಿತು. ಸೋಮಾರಿಯನ್ನು ತಡೆಯಲೆಂದು ಹಾಕಿದ ಬೇಲಿಯನ್ನು ದಾಟಲು ಬಲವಿದ್ದವನಿಗೆ ಸಾಧ್ಯವಾಗುತ್ತದೆ, ಬಲಗುಂದಿದವನಿಗೆ ಆಗುವುದಿಲ್ಲ. ಈ ಅಂಶವನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುವವರೆಗೆ ಅಧ್ಯಾಪಕರು ಕಾಯಬೇಕು.

ಎರಡನೆಯ ಉದಾಹರಣೆ ಇನ್ನೂ ಹತ್ತಿರದ್ದು. 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಪಾಲಮಲೆಯ ಆಸುಪಾಸಿನ ಕಾವೇರಿ ದಂಡೆಯ ಹಳ್ಳಿಗಳು ಮುಳುಗಿದವು. ನೀರು ತಗ್ಗಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಹಳೆಯ ದೇಗುಲದ ನಂದಿಯೂ ಚರ್ಚಿನ ಗೋಪುರವೂ ಮೇಲೆದ್ದು ಕಾಣುವುದನ್ನು ಮಕ್ಕಳು ನೋಡಿರಬಹುದು, ಇಲ್ಲವೇ ಅಜ್ಜ ಅಜ್ಜಿಯರಿಂದ ಕೇಳಿರಬಹುದು. ಅಂದಿದ್ದ 1894ರ ಭೂಸ್ವಾಧೀನ ಕಾನೂನಿನಲ್ಲಿ ಪರಿಹಾರ ಸಲ್ಲುತ್ತಿದ್ದುದು ಭೂಮಿಯಲ್ಲಿ ಹಕ್ಕುಳ್ಳವರಿಗೆ. ಅದೇ ಹೊಲದಲ್ಲಿ ತಲೆಮಾರಿನಿಂದ ದುಡಿದು ಪಟ್ಟಾ ಇಲ್ಲದ ಕೂಲಿಕಾರ ಕಾನೂನಿನ ಕಣ್ಣಿಗೆ ಬೀಳುತ್ತಿರಲಿಲ್ಲ. ಸ್ವಾಧೀನಕ್ಕೆ ಮೊದಲು ಮೂರು ವರ್ಷ ಅಲ್ಲಿ ದುಡಿದು ಬದುಕಿದ ಭೂರಹಿತ ಕುಟುಂಬಗಳೂ ಬಾಧಿತರೆಂದು ಕಾನೂನು ಒಪ್ಪಿದ್ದು 2013ರಲ್ಲಿ. ಇಲ್ಲಿ ಬದಲಾದದ್ದು ಕೂಲಿಕಾರನ ಯೋಗ್ಯತೆಯಲ್ಲ, ಅಳೆಯುವ ಕೋಲು. ಬೀದಿಗೆ ಬಿದ್ದವನು ತನ್ನ ತಪ್ಪಿನಿಂದಲೇ ಬಿದ್ದನೆಂಬ ಜನಾಭಿಪ್ರಾಯವನ್ನು ತರಗತಿಯಲ್ಲಿ ಯಾರಾದರೂ ಮಂಡಿಸಿದಾಗ (ಮಂಡಿಸಿಯೇ ಮಂಡಿಸುವರು) ಗದರದೆ ಈ ಉದಾಹರಣೆಯತ್ತ ತಿರುಗಿಸಬಹುದು.

2011ರ ಜನಗಣತಿಯಲ್ಲಿ ಫೆಬ್ರವರಿ 28ರ ರಾತ್ರಿ ಬಯಲು, ರಸ್ತೆಬದಿ, ರೈಲು ನಿಲ್ದಾಣಗಳಲ್ಲಿ ತಂಗಿದ್ದವರನ್ನು ಎಣಿಸಲಾಯಿತು. ದೇಶದಲ್ಲಿ ಸುಮಾರು 17.7 ಲಕ್ಷ ವಸತಿಹೀನರಿದ್ದರು. ಇಟ್ಟಿಗೆ ಗೂಡು, ರಸ್ತೆ ಕಾಮಗಾರಿಗಳ ಪಕ್ಕದಲ್ಲಿ ತಾಟುಪಾಲಿನ ಕೆಳಗೆ ಕೆಲವು ತಿಂಗಳು ಕಳೆಯುವ ಕುಟುಂಬಗಳ ಮಕ್ಕಳು ಶಾಲೆಯ ಬಾಗಿಲಿಗೂ ಬರುತ್ತಾರೆ. ನಾಳೆ ಹೋಗಿಬಿಡುವ ಮಗುವಿಗೆ ಪುಸ್ತಕ, ಸಮವಸ್ತ್ರ ಏಕೆ ಎಂಬ ಮಾತು ನಮ್ಮ ವೃತ್ತಿಬಾಂಧವರಿಂದಲೇ ಕೇಳಿಬರುವುದುಂಟು. ಇದು ಪಾತ್ರಾಪಾತ್ರ ವಿಚಾರದ ಇನ್ನೊಂದು ರೂಪವೇ. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಇದಕ್ಕೆ ಎಡೆಯಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದೂ ಇಲ್ಲ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ವಿಳಾಸದ ಕಲಮಿನಲ್ಲಿ ಕುಟುಂಬ ಈಗ ತಂಗಿರುವ ಜಾಗವನ್ನೇ ಬರೆದುಕೊಳ್ಳಬಹುದು.

ಈ ಪಾಠವನ್ನು ಬೋಧಿಸುವ ದಿನ ಅಂಥ ಮಗು ತರಗತಿಯಲ್ಲಿದ್ದರೆ ಅದನ್ನು ಎಬ್ಬಿಸಿ ನಿಲ್ಲಿಸಿ ಉದಾಹರಣೆಯಾಗಿಸಕೂಡದು. ಅದರ ಮನೆಯ ಸಂಗತಿಯನ್ನು ಕೇಳಲೂಕೂಡದು. ಬರದ ಕಥೆ, ಮುಳುಗಿದ ಊರಿನ ಕಥೆ ಸಾಕು. ಗುಂಪು ಚರ್ಚೆಯಲ್ಲಿ ಆ ಮಗುವಿಗೆ ಪದಪಟ್ಟಿ ಬರೆಯುವ ಕೆಲಸವನ್ನು ವಹಿಸಿದರೆ, ಮಾತನಾಡಬೇಕೋ ಬೇಡವೋ ಎಂಬುದನ್ನು ಅದೇ ನಿರ್ಧರಿಸಿಕೊಳ್ಳುತ್ತದೆ.