ಕಂಚಿನ ಕಂಠದ ಗುಟ್ಟು

ಬಾಗಲಕೋಟೆ ಜಿಲ್ಲೆಯ ಬೇವೂರಿನಂಥ ಊರುಗಳ ಹಳೆಯ ಮನೆಗಳಲ್ಲಿ, ದೇವರ ಜಗಲಿಯ ಮೇಲೆ ಎರಡು ಬಗೆಯ ಹಳದಿ ಲೋಹಗಳನ್ನು ಕಾಣಬಹುದು. ಸಮೆ, ಆರತಿಯ ತಟ್ಟೆಗಳು ಬಹುಮಟ್ಟಿಗೆ ಹಿತ್ತಾಳೆಯವು. ಒಳ್ಳೆಯ ಗಂಟೆ, ಜಾಗಟೆಗಳು ಕಂಚಿನವು. ಹಿತ್ತಾಳೆಯಲ್ಲಿ ತಾಮ್ರದೊಡನೆ ಸತುವೂ ಕಂಚಿನಲ್ಲಿ ತವರವೂ ಬೆರೆತಿರುತ್ತವೆ. ಹಳೆಯ ಸಾಮಾನು ಕೊಳ್ಳುವವನು ಎರಡನ್ನೂ ಒಂದೇ ದರದಲ್ಲಿ ತೂಗಿದರೆ ನಷ್ಟ ಮನೆಯವರಿಗೇ. ತವರದ ಬೆಲೆ ಸತುವಿನ ಬೆಲೆಗಿಂತ ಅನೇಕ ಪಟ್ಟು ಹೆಚ್ಚು.

ಇವನ್ನು ಗುರುತಿಸುವುದೆಂತು? ಆರ್ಕಿಮಿಡೀಸನ ಉಪಾಯ ಇಲ್ಲಿ ಅಷ್ಟಾಗಿ ಫಲಿಸದು. ಹಿತ್ತಾಳೆಯ ಸಾಪೇಕ್ಷ ಸಾಂದ್ರತೆ ಸುಮಾರು 8.5, ಗಂಟೆಯ ಕಂಚಿನದು ಸುಮಾರು 8.7. ಎರಕದೊಳಗೆ ಅಡಗಿದ ಒಂದೆರಡು ಗಾಳಿಗುಳ್ಳೆಗಳೇ ಈ ಅಂತರವನ್ನು ನುಂಗಿಬಿಡಬಲ್ಲವು. ಕಿವಿಯೇ ಮೇಲು. ಒಂದೇ ಆಕಾರದ ಎರಡು ತಟ್ಟೆಗಳನ್ನು ದಾರದಿಂದ ತೂಗಹಾಕಿ ಮರದ ತುಂಡಿನಿಂದ ಮೆಲ್ಲನೆ ತಟ್ಟಿರಿ. ಕಂಚಿನ ನಾದವು ಹೆಚ್ಚು ಹೊತ್ತು ನಿಲ್ಲುತ್ತದೆ.

ಕಂಪಿಸುವ ಲೋಹದಲ್ಲಿ ಶಕ್ತಿಯ ಒಂದು ಪಾಲು ಒಳಗಿನ ಘರ್ಷಣೆಯಿಂದ ಶಾಖವಾಗಿ ವ್ಯಯವಾಗುತ್ತದೆ. ಶೇಕಡಾ 22ರಷ್ಟು ತವರವಿರುವ ಕಂಚಿನಲ್ಲಿ ತಾಮ್ರ-ತವರಗಳ ಕಠಿಣವಾದ ಸಂಯುಕ್ತವೊಂದು ಹೇರಳವಾಗಿ ಸೇರಿಕೊಂಡು, ಸ್ಫಟಿಕಗಳ ಪದರಗಳು ಜಾರದಂತೆ ತಡೆಯುತ್ತದೆ. ಆದುದರಿಂದ ವ್ಯಯ ಕಡಿಮೆ. ಆದರೆ ಇದೇ ಕಾಠಿಣ್ಯದಿಂದಲೇ, ಕೆಳಗೆ ಬಿದ್ದ ಗಂಟೆ ಗಾಜಿನಂತೆ ಸೀಳುತ್ತದೆ.

ಹಾಗಿದ್ದರೆ ಇಂಥ ಲೋಹವನ್ನು ಬಡಿದು ತಾಟು ಮಾಡುವುದು ಹೇಗೆ ಸಾಧ್ಯ? ಸುಮಾರು 700 ಡಿಗ್ರಿ ಸೆಂಟಿಗ್ರೇಡಿಗೆ ಕೆಂಪಗೆ ಕಾಯಿಸಿದಾಗ ಆ ಸಂಯುಕ್ತವು ಮಾಯವಾಗಿ, ಸುತ್ತಿಗೆಗೆ ಮಣಿಯುವ ಬೇರೊಂದು ಸ್ಫಟಿಕರೂಪ ಬರುತ್ತದೆ. ನಿಧಾನವಾಗಿ ತಣಿಸಿದರೆ ಸಂಯುಕ್ತವು ಮರಳುವುದು. ಥಟ್ಟನೆ ನೀರಿಗದ್ದಿದರೆ ಅದಕ್ಕೆ ಅವಕಾಶವೇ ಇಲ್ಲ. ಉಕ್ಕನ್ನು ನೀರಿಗದ್ದಿದರೆ ಪೆಡಸಾಗುತ್ತದೆ, ಕಂಚನ್ನು ಅದ್ದಿದರೆ ಪೆಡಸು ತಗ್ಗುತ್ತದೆ!

ನಮ್ಮ ದೇಶದ ಕಂಚಗಾರರು ಬಲ್ಲ ಈ ವಿದ್ಯೆಯನ್ನು ದೂರದ ಕೊರಿಯದವರೂ ಬಲ್ಲರು. ಅಲ್ಲಿ 78 ಪಾಲು ತಾಮ್ರಕ್ಕೆ 22 ಪಾಲು ತವರವನ್ನು ಬೆರೆಸಿ, ಕಾಯಿಸಿ, ಹಲವರು ಕೂಡಿ ಬಡಿದು ಮಾಡುವ ಪಾತ್ರೆಗೆ ‘ಬಾಂಗ್ಜಾ’ ಎಂದು ಹೆಸರು. ಪಿತೃಪೂಜೆಯ ಬಟ್ಟಲುಗಳಷ್ಟೇ ಅಲ್ಲ, ನಮ್ಮ ಜಾಗಟೆಯನ್ನು ಹೋಲುವ ‘ಜಿಂಗ್’ ವಾದ್ಯವೂ ಹೀಗೆಯೇ ಸಿದ್ಧವಾಗುತ್ತದೆ. ಕಂಚಿನ ಪಾತ್ರೆಗಳ ಈ ಕಸುಬನ್ನು ದಕ್ಷಿಣ ಕೊರಿಯ ಸರ್ಕಾರವು 1983ರಲ್ಲಿ ರಕ್ಷಿತ ಪರಂಪರೆಯೆಂದು ಸಾರಿತು.

ಮನೆಯ ಜಾಗಟೆ ಒಮ್ಮೆಲೇ ‘ದಬ್’ ಎನ್ನತೊಡಗಿದರೆ ಅಂಚನ್ನು ಬೆಳಕಿಗೆ ಹಿಡಿದು ನೋಡಿರಿ. ಕೂದಲೆಳೆಯ ಬಿರುಕೇ ಸಾಕು. ಅದರ ಎರಡು ಮೈಗಳು ಒಂದಕ್ಕೊಂದು ಉಜ್ಜಿ, ನಾದವಾಗಬೇಕಾದ ಶಕ್ತಿಯನ್ನು ಶಾಖವಾಗಿಸುತ್ತವೆ. ಅದನ್ನು ಬೆಸೆದರೆ ಸದ್ದು ಹಿಂದಿನಂತಾಗುವುದು ಅಪರೂಪ. ಕರಗಿಸಿ ಮತ್ತೆ ಎರಕ ಹೊಯ್ಯಿಸುವುದೇ ಲೇಸು.