ಇಂದು ರಾತ್ರಿ ನೆಲಹಿಮ ಮೂಡುತ್ತದೆಯೇ?



ಎತ್ತರಕ್ಕೆ ಹೋದಂತೆ ಗಾಳಿ ತಣ್ಣಗಾಗುತ್ತದೆ ಎಂದು ಓದಿದ್ದೀರಿ. ಸರಾಸರಿ ಲೆಕ್ಕದಲ್ಲಿ ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಕೆ. ನೀಲಗಿರಿಯ ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಪಕ್ಕದ ದೊಡ್ಡಬೆಟ್ಟದ ತುದಿ 2,637 ಮೀಟರ್. ಹಾಗಾದರೆ ತುದಿಯಲ್ಲೇ ಚಳಿ ಹೆಚ್ಚಿರಬೇಕು, ಅಲ್ವಾ? ಆದರೆ ಚಳಿಗಾಲದ ಶುಭ್ರ ಮುಂಜಾನೆಗಳಲ್ಲಿ ಹುಲ್ಲು ಬೆಳ್ಳಗಾಗುವುದು ಹೆಚ್ಚಾಗಿ ಕೆಳಗೆ: ಊಟಿಯ ಕುದುರೆ ರೇಸ್ ಮೈದಾನದಲ್ಲಿ, ತಲೈಕುಂದಾದ ತಗ್ಗು ಬಯಲಿನಲ್ಲಿ. ಯಾಕೆ ಹೀಗೆ?

ತಮಿಳು ಸುದ್ದಿಯಲ್ಲಿ ಇದನ್ನು 'ಉರೈಪನಿ' ಅಂತಾರೆ. ಈ ಪಾಠದಲ್ಲಿ ನಾವು 'ನೆಲಹಿಮ' ಎನ್ನೋಣ. ಇದು ಮಳೆಯಂತೆ ಮೇಲಿನಿಂದ ಬೀಳುವುದಿಲ್ಲ. ಎಲೆ, ಹುಲ್ಲಿನ ಮೇಲ್ಮೈ 0 ಡಿಗ್ರಿಗಿಂತ ಕೆಳಗಿಳಿದಾಗ, ಅದನ್ನು ಮುಟ್ಟಿದ ಗಾಳಿಯಲ್ಲಿನ ನೀರಾವಿ ದ್ರವವಾಗದೆ ನೇರವಾಗಿ ಹರಳುಗಟ್ಟುತ್ತದೆ. ಕರ್ಪೂರ ದ್ರವವಾಗದೆ ಆವಿಯಾಗುವುದನ್ನು ನೋಡಿದ್ದೀರಲ್ಲ, ಇದು ಅದರ ವಿರುದ್ಧ ಕ್ರಿಯೆ.

ತಗ್ಗಿನಲ್ಲೇ ಯಾಕೆ?

ಹಗಲು ಬಿಸಿಲಿನಿಂದ ಕಾದ ನೆಲ, ಸೂರ್ಯ ಮುಳುಗಿದ ಮೇಲೆ ಆ ಶಾಖವನ್ನು ಅವಕೆಂಪು ಕಿರಣಗಳ ರೂಪದಲ್ಲಿ ಆಕಾಶಕ್ಕೆ ಬಿಡುತ್ತದೆ. ನೆಲ ಬೇಗ ತಣಿಯುತ್ತದೆ, ನೆಲಕ್ಕೆ ಅಂಟಿದ ಗಾಳಿಯೂ ತಣಿಯುತ್ತದೆ. ತಣ್ಣನೆಯ ಗಾಳಿಗೆ ಸಾಂದ್ರತೆ ಹೆಚ್ಚು. ಅದು ಇಳಿಜಾರಿನಲ್ಲಿ ನೀರಿನಂತೆ ಮೆಲ್ಲಗೆ ಜಾರಿ, ತಗ್ಗಿನಲ್ಲಿ ಕೆರೆಯಂತೆ ನಿಲ್ಲುತ್ತದೆ. ಆ ರಾತ್ರಿ ಎತ್ತರದ ಲೆಕ್ಕ ತಲೆಕೆಳಗು: ಕೆಳಗೆ ಚಳಿ, ಮೇಲೆ ತುಸು ಬೆಚ್ಚಗೆ. ಇದಕ್ಕೆ ತಾಪ ವಿಲೋಮ ಎಂದು ಹೆಸರು.

ಮುನ್ಸೂಚನೆಯನ್ನು ಓದುವುದು ಹೇಗೆ?

ಸುದ್ದಿಯಲ್ಲಿ 'ಊಟಿ, ಕನಿಷ್ಠ 4 ಡಿಗ್ರಿ' ಎಂದು ಬಂತು ಅನ್ನಿ. '0 ಆಗಿಲ್ಲವಲ್ಲ' ಎಂದು ಸುಮ್ಮನಿರಬಹುದೇ? ಇರಬಾರದು. ಹವಾಮಾನ ಕೇಂದ್ರದ ಉಷ್ಣತಾಮಾಪಕ ನೆಲದ ಮೇಲೆ ಇರುವುದಿಲ್ಲ. ನಮ್ಮ ಎದೆಮಟ್ಟದ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಇರುತ್ತದೆ. ಶುಭ್ರ ರಾತ್ರಿಯಲ್ಲಿ ಹುಲ್ಲಿನ ತುದಿ ಅದಕ್ಕಿಂತ ಹಲವು ಡಿಗ್ರಿ ಕಡಿಮೆ ಇರಬಲ್ಲದು. ಹಾಗಾಗಿ ಆ ಅಂಕಿಯ ಜೊತೆ ನಾಲ್ಕು ಸಂಗತಿ ನೋಡಿ.

1. ಆಕಾಶ: ಮೋಡ ನೆಲದ ಶಾಖವನ್ನು ಹೀರಿ, ಒಂದಷ್ಟನ್ನು ವಾಪಸ್ ಕಳಿಸುತ್ತದೆ, ನೆಲಕ್ಕೆ ಅದೇ ಕಂಬಳಿ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ನೀಲಗಿರಿಗೆ ಮೋಡ ಬಂದರೆ ನೆಲಹಿಮದ ಭಯ ಕಡಿಮೆ. ಹಿಂಗಾರು ಬಿಡುವು ಕೊಟ್ಟು, ನಕ್ಷತ್ರಗಳು ನಿಚ್ಚಳವಾಗಿ ಕಂಡರೆ ಎಚ್ಚರ.

2. ಗಾಳಿ: ಗಾಳಿ ಬೀಸಿದರೆ ಮೇಲಿನ ಬೆಚ್ಚನೆಯ ಪದರ ಕೆಳಗಿನದರೊಂದಿಗೆ ಬೆರೆಯುತ್ತದೆ. ಎಲೆ ಅಲುಗದ ರಾತ್ರಿಯೇ ಅಪಾಯದ್ದು.

3. ತೇವ: ಗಾಳಿಯಲ್ಲಿ ತೇವ ಇದ್ದರೆ ಹರಳು ಬೆಳ್ಳಗೆ ಕಾಣುತ್ತದೆ. ತೀರಾ ಒಣಗಾಳಿಯಾದರೆ ಬಿಳುಪು ಕಾಣದೆಯೇ ಗಿಡದೊಳಗಿನ ನೀರು ಹೆಪ್ಪುಗಟ್ಟಿ ಎಲೆ ಕಪ್ಪಾಗಬಹುದು.

4. ಜಾಗ: ನಿಮ್ಮ ಹೊಲ ತಗ್ಗಿನಲ್ಲಿದೆಯೇ, ಇಳಿಜಾರಿನಲ್ಲಿದೆಯೇ? ಮುನ್ಸೂಚನೆ 'ಒಂದೆರಡು ಕಡೆ ನೆಲಹಿಮ' ಎಂದಷ್ಟೇ ಹೇಳೀತು. ಆ ಒಂದೆರಡು ಕಡೆ ಯಾವುದು ಎಂದು ನೆಲ ಬಲ್ಲವರೇ ಹೇಳಬೇಕು.

ಇಷ್ಟು ಯೋಚನೆ ಯಾಕೆಂದರೆ, ಆಲೂಗೆಡ್ಡೆಯ ಎಲೆ, ಚಹಾದ ಎಳೆ ಚಿಗುರು ಒಂದೇ ರಾತ್ರಿಯಲ್ಲಿ ಸುಟ್ಟಂತಾಗಬಹುದು. ತಿಂಗಳುಗಟ್ಟಲೆ ಪಟ್ಟ ಶ್ರಮ ಅದು. ಬೆಳಿಗ್ಗೆ ನೋಡಿ ಪ್ರಯೋಜನವಿಲ್ಲ, ಸಂಜೆಯೇ ತೀರ್ಮಾನಿಸಬೇಕು. ಸಸಿಗಳಿಗೆ ಒಣಹುಲ್ಲು ಹೊದಿಸಿದರೆ ನೆಲದ ಶಾಖ ಆಕಾಶಕ್ಕೆ ಹೋಗುವುದು ತಗ್ಗುತ್ತದೆ. ತುಂತುರು ನೀರಾವರಿಯೂ ಕಾಪಾಡುತ್ತದೆ: ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ ಸುಮಾರು 80 ಕ್ಯಾಲೊರಿ ಗುಪ್ತೋಷ್ಣ ಬಿಡುಗಡೆಯಾಗಿ ಎಲೆಗೆ ಸಿಗುತ್ತದೆ. ಆದರೆ ಮಂಜುಗಡ್ಡೆ ಕರಗುವವರೆಗೂ ನೀರು ನಿಲ್ಲಬಾರದು. ನಡುವೆ ನಿಲ್ಲಿಸಿದರೆ ನೀರು ಆವಿಯಾಗುತ್ತಾ ಎಲೆಯಿಂದಲೇ ಶಾಖ ಎಳೆದುಕೊಂಡು ನಷ್ಟ ಹೆಚ್ಚಿಸುತ್ತದೆ.

ಮಾಡಿ ನೋಡಿ

ಇದಕ್ಕೆ ನೀಲಗಿರಿಯೇ ಬೇಕಿಲ್ಲ. ತಾಳವಾಡಿ, ಹೊಸೂರು, ಕಾಸರಗೋಡು, ಜತ್ತ ಎಲ್ಲಿದ್ದರೂ ಆದೀತು. ಪ್ರಯೋಗಾಲಯದ ಎರಡು ಉಷ್ಣತಾಮಾಪಕ ತೆಗೆದುಕೊಳ್ಳಿ. ಬಯಲಿನಲ್ಲಿ ಒಂದನ್ನು ಹುಲ್ಲಿನ ಮೇಲಿಡಿ, ಇನ್ನೊಂದನ್ನು ಎದೆಮಟ್ಟದ ಕೋಲಿಗೆ ಕಟ್ಟಿ. ಒಂದು ವಾರ, ದೊಡ್ಡವರನ್ನು ಜೊತೆಗಿಟ್ಟುಕೊಂಡು, ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಎರಡನ್ನೂ ಓದಿ ಬರೆದಿಡಿ. ಪಕ್ಕದಲ್ಲಿ 'ಮೋಡ / ಶುಭ್ರ', 'ಗಾಳಿ ಇದೆ / ಇಲ್ಲ' ಎಂದೂ ಗುರುತಿಸಿ. ಯಾವ ದಿನ ವ್ಯತ್ಯಾಸ ಹೆಚ್ಚು?

ಪ್ರಶ್ನೆಗಳು

1. ಎರಡು ರಾತ್ರಿಗಳಿಗೂ ಮುನ್ಸೂಚನೆ 4 ಡಿಗ್ರಿ. ಒಂದು ರಾತ್ರಿ ಮೋಡ, ಇನ್ನೊಂದು ರಾತ್ರಿ ಶುಭ್ರ ಆಕಾಶ, ಗಾಳಿ ನಿಶ್ಚಲ. ಒಣಹುಲ್ಲು ಯಾವಾಗ ಹೊದಿಸುತ್ತೀರಿ? ಯಾಕೆ?

2. ಇಳಿಜಾರು ಹೊಲದ ಕೆಳ ಅಂಚಿನಲ್ಲಿ ಒತ್ತಾದ ಬೇಲಿ ಇದೆ. ತಣ್ಣನೆಯ ಗಾಳಿ ಎಲ್ಲಿ ನಿಲ್ಲುತ್ತದೆ? ಚಿತ್ರ ಬರೆದು ತೋರಿಸಿ.